ಕೀಬೋರ್ಡಿನ ‘ಗ’ ಬೇರೆ, ಗಂಟಲಿನ ‘ಗ’ ಬೇರೆ: ಪಿಯಾನೊ ಪಾಠದ ಒಳಗೆ ಏನಿದೆ?

ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಧಾರವಾಡದಲ್ಲಿ ಎರಡು ವರ್ಷದಿಂದ ಗಾಯನ ಕಲಿಯುತ್ತಿದ್ದಾಳೆ. ಈ ಬೇಸಿಗೆ ರಜೆಗೆ ಅವಳಿಗೊಂದು ಕೀಬೋರ್ಡ್ ತಂದುಕೊಟ್ಟೆ. ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು, ಅದರ ಸಾ ಹೊಂದಿಸಿಕೊಂಡು, ಒಂದೊಂದೇ ಕೀ ಒತ್ತುತ್ತಾ ಹೋದಳು. ಗ ಬಂದ ಕೂಡಲೇ ಕೈ ನಿಂತಿತು. ಮತ್ತೆ ಒತ್ತಿದಳು. ಮೂರನೇ ಸಾರಿ ಒತ್ತಿ ನನ್ನ ಕಡೆ ತಿರುಗಿ, “ಮಾಮಾ, ಇದರಾಗಿನ ಗ ಬ್ಯಾರೆ ಐತಿ. ನಮ್ಮ ಸರ್ ಹಾಡೋ ಗ ಬ್ಯಾರೆ ಐತಿ” ಅಂದಳು.

ಅವಳ ಕಿವಿ ಸರಿಯಾಗಿತ್ತು. ಕೀಬೋರ್ಡೂ ಕೆಟ್ಟಿರಲಿಲ್ಲ. ಎರಡೂ ಹೇಗೆ ನಿಜ ಅಂತ ಹೇಳಲು ಹೋಗಿ ನಾನು ಪಿಯಾನೊದ ಹೊಟ್ಟೆಯೊಳಗಿನಿಂದ ಶುರು ಮಾಡಬೇಕಾಯಿತು. ಅಲ್ಲಿಂದ ಮಾತು ಹಾರ್ಮೋನಿಯಂಗೆ, ಕುಂದಗೋಳಕ್ಕೆ, ಆಮೇಲೆ ಎಲ್ಲೋ ಪ್ಯಾರಿಸ್ಸಿನ ಹತ್ತಿರದ ಒಂದು ಮನೆಯ ಚಿತ್ರಕ್ಕೆ ಹೋಯಿತು.

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದ ಕಡೆ, ಧಾರವಾಡದ ಸಪ್ತಾಪುರದ ಕಡೆ ಕೀಬೋರ್ಡ್ ಕ್ಲಾಸಿನ ಬೋರ್ಡುಗಳು ಕಾಣುತ್ತವೆ. ಗದಗ, ಹಾವೇರಿಯ ಮನೆಗಳಲ್ಲೂ ಈಗ ಅದೇ ಮಾತು. ಮಗುವನ್ನು ಗಾಯನಕ್ಕೆ ಹಾಕೋದಾ, ಪೇಟಿಗೆ ಹಾಕೋದಾ, ಕೀಬೋರ್ಡಿಗೆ ಹಾಕೋದಾ? ಮೂರೂ ಸಂಗೀತವೇ ತಾನೇ ಅಂತ ಹತ್ತಿರದ ಕ್ಲಾಸಿಗೆ ಸೇರಿಸಿಬಿಡುವವರೇ ಜಾಸ್ತಿ. ಆದರೆ ಮೂರರಲ್ಲೂ ಮಗು ಕಲಿಯುವ ವಿಷಯ ಬೇರೆ, ಕಲಿಯುವ ರೀತಿಯೂ ಬೇರೆ.

## ಜಾಗಟೆ ಬಾರಿಸಿದಂತೆ

ಪಿಯಾನೊ ನೋಡಲು ದೊಡ್ಡ ಕಟ್ಟಿಗೆಯ ಪೆಟ್ಟಿಗೆ. ಒಳಗೆ ಇರುವುದು ತಂತಿ. ಸುಮಾರು 230 ತಂತಿಗಳು. ಹೊರಗೆ 88 ಕೀಗಳು: 52 ಬಿಳಿ, 36 ಕರಿ. ಕೀ ಒತ್ತಿದರೆ ಒಳಗೆ ಉಣ್ಣೆ ಸುತ್ತಿದ ಒಂದು ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಅಷ್ಟೇ.

ಆದರೆ ಈ ‘ಅಷ್ಟೇ’ ಅನ್ನುವುದರಲ್ಲಿ ಒಂದು ಕಷ್ಟವಿದೆ. ಗುಡಿಯಲ್ಲಿ ಜಾಗಟೆ ಬಾರಿಸುವುದನ್ನು ನೆನಪಿಸಿಕೊಳ್ಳಿ. ಬಡಿಗೆ ತಾಗಿದ ಕೂಡಲೇ ಹಿಂದೆ ಸರಿಯಬೇಕು. ಅಲ್ಲೇ ಒತ್ತಿ ಹಿಡಿದರೆ ನಾದ ಸತ್ತುಹೋಗುತ್ತದೆ. ಪಿಯಾನೊದಲ್ಲೂ ಹಾಗೇ. ಬೆರಳು ಕೀ ಮೇಲೆ ಇನ್ನೂ ಇದ್ದರೂ ಸುತ್ತಿಗೆ ಮಾತ್ರ ತಟ್ಟಿ ಬಿದ್ದುಬಿಡಬೇಕು. ಬೆರಳು ತೆಗೆದ ಮೇಲೆ ತಂತಿ ಸುಮ್ಮನಾಗಬೇಕು. ಅದಕ್ಕೆ ಮೇಲಿಂದ ಒಂದು ಮೆತ್ತೆ ಬಂದು ಕೂರುತ್ತದೆ. ಬಲಗಾಲಿನ ಪೆಡಲ್ ಒತ್ತಿದರೆ ಎಲ್ಲ ಮೆತ್ತೆಗಳೂ ಒಟ್ಟಿಗೆ ಏಳುತ್ತವೆ, ನಾದ ಹರಡಿಕೊಂಡು ಉಳಿಯುತ್ತದೆ.

ಈ ಉಪಾಯ ಕಂಡುಹಿಡಿದವನು ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಮೆದಿಚಿ ಮನೆತನದ ಆಸ್ಥಾನದಲ್ಲಿ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದವನು. ಕಾಲ ಸುಮಾರು 1700. ಅವನು ಮಾಡಿದ ಮೂರು ಪಿಯಾನೊ ಇಂದಿಗೂ ಉಳಿದಿವೆ. ಅದಕ್ಕೂ ಮೊದಲು ಯುರೋಪಿನಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲೂ ಕೀಗಳಿದ್ದವು. ಆದರೆ ಅದು ತಂತಿಯನ್ನು ಮೀಟುತ್ತಿತ್ತು. ಜೋರಾಗಿ ಒತ್ತಿ, ಮೆಲ್ಲಗೆ ಒತ್ತಿ, ಸದ್ದು ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿಯ ವಾದ್ಯ ಬೆರಳಿನ ಬಲಕ್ಕೆ ತಕ್ಕಂತೆ ಮಾತಾಡಿತು. ಮೆಲ್ಲಗೆ ಅನ್ನುವುದಕ್ಕೆ ಇಟಲಿಯವರ ಮಾತು ‘ಪಿಯಾನೊ’, ಜೋರಾಗಿ ಅನ್ನುವುದಕ್ಕೆ ‘ಫೋರ್ತೆ’. ಎರಡೂ ಸೇರಿ ಪಿಯಾನೊಫೋರ್ತೆ ಆಯಿತು. ಬಳಕೆಯಲ್ಲಿ ಅರ್ಧ ಹೆಸರು ಮಾತ್ರ ಉಳಿಯಿತು.

ಅಷ್ಟು ತಂತಿಗಳ ಒಟ್ಟು ಎಳೆತ ಸುಮಾರು 18ರಿಂದ 20 ಟನ್. ಲೋಡ್ ತುಂಬಿದ ಲಾರಿಯಷ್ಟು ಭಾರ ಆ ಪೆಟ್ಟಿಗೆಯನ್ನು ಹಗಲೂ ರಾತ್ರಿ ಜಗ್ಗುತ್ತಿರುತ್ತದೆ. ಅದಕ್ಕೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುತ್ತದೆ. ನಮ್ಮ ತಂಬೂರಿಗೆ ನಾಲ್ಕೇ ತಂತಿ. ಬೇಂದ್ರೆಯವರ ಊರಿನವರಿಗೆ ‘ನಾಕು ತಂತಿ’ ಅಂದರೆ ಬೇರೇನೂ ಹೇಳಬೇಕಿಲ್ಲ. ಆ ನಾಲ್ಕು ತಂತಿ ಹಾಡನ್ನು ತಾವು ನುಡಿಸುವುದಿಲ್ಲ, ಹಾಡುವವರಿಗೆ ನೆಲ ಹಾಸಿಕೊಡುತ್ತವೆ. ಪಿಯಾನೊದ 230 ತಂತಿಗಳು ನೆಲ, ಗೋಡೆ, ಮಾಡು ಎಲ್ಲವನ್ನೂ ತಾವೇ ಕಟ್ಟಲು ನೋಡುತ್ತವೆ.

## ಪೇಟಿ, ಕೀಬೋರ್ಡ್, ಪಿಯಾನೊ ಮೂರೂ ಒಂದೇನಾ?

ಮೇಲಿಂದ ನೋಡಿದರೆ ಒಂದೇ. ಬಿಳಿ ಕೀ, ಕರಿ ಕೀ, ಅದೇ ಸಾಲು. ಒಳಗೆ ಮಾತ್ರ ಸಂಬಂಧವೇ ಇಲ್ಲ.

ನಮ್ಮ ಕಡೆ ಪೇಟಿ ಅಂತ ಕರೆಯುವ ಹಾರ್ಮೋನಿಯಂನಲ್ಲಿ ತಂತಿಯೇ ಇಲ್ಲ. ಹಿತ್ತಾಳೆಯ ತೆಳು ನಾಲಿಗೆಗಳಿವೆ. ತಿದಿ ಒತ್ತಿದಾಗ ಗಾಳಿ ಆ ನಾಲಿಗೆಯನ್ನು ನಡುಗಿಸುತ್ತದೆ. ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಸದ್ದು ಜಾಸ್ತಿ ಕಡಿಮೆ ಆಗುವುದು ಬೆರಳಿನಿಂದಲ್ಲ, ತಿದಿಯ ಕೈಯಿಂದ. ಪಿಯಾನೊದಲ್ಲಿ ಇದಕ್ಕೆ ಉಲ್ಟಾ. ಸದ್ದು ಹುಟ್ಟಿದ ಕ್ಷಣದಿಂದಲೇ ಇಳಿಯತೊಡಗುತ್ತದೆ. ಅದನ್ನು ಮತ್ತೆ ಏರಿಸಲು ಆಗುವುದಿಲ್ಲ, ಮತ್ತೆ ಬಡಿಯಬೇಕು.

ಹಾರ್ಮೋನಿಯಂ ಕೂಡ ಹೊರಗಿನಿಂದಲೇ ಬಂದದ್ದು. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಂ ಎಂಬುವನು 1842ರಲ್ಲಿ ಆ ಹೆಸರಿನಲ್ಲಿ ಅದರ ಹಕ್ಕು ಪಡೆದ. ಅದು ಕುರ್ಚಿಯ ಮೇಲೆ ಕೂತು, ಕಾಲಿನಿಂದ ಗಾಳಿ ಒತ್ತಿ, ಎರಡೂ ಕೈಯಿಂದ ನುಡಿಸುವ ವಾದ್ಯವಾಗಿತ್ತು. ನಾವು ಹಾಡುವುದು ನೆಲದ ಮೇಲೆ ಕೂತು. ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಕೋಲ್ಕತ್ತದ ಕುಶಲಿಗಳು ಕಾಲು ತೆಗೆದು, ತಿದಿಯನ್ನು ಹಿಂದಕ್ಕೆ ತಂದು, ಎಡಗೈಗೆ ಕೊಟ್ಟರು. ಉಳಿದದ್ದು ಬಲಗೈ ಒಂದೇ. ಅಲ್ಲಿಗೆ ಎರಡು ಕೈಯ ವಾದ್ಯ ಒಂದು ಕೈಯ ವಾದ್ಯವಾಯಿತು, ಪಶ್ಚಿಮದ ಸಂಗೀತದಿಂದ ನಮ್ಮ ಸಂಗೀತಕ್ಕೆ ದಾಟಿತು. ನಮ್ಮ ನಾಟಕ ಕಂಪನಿಗಳಲ್ಲಿ ಮಾತ್ರ ಕಾಲು ಪೇಟಿ ಬಹಳ ಕಾಲ ಉಳಿಯಿತು. ರಂಗದ ಮುಂದೆ ಕೂತ ಪೇಟಿ ಮಾಸ್ತರರು ಪಾತ್ರಧಾರಿಗೆ ಸ್ವರ ಎತ್ತಿಕೊಡುತ್ತಿದ್ದರು, ಇಡೀ ಕಂಪನಿಗೆ ಹಾಡು ಕಲಿಸುತ್ತಿದ್ದರು.

ಇನ್ನು ಕೀಬೋರ್ಡ್. ಅದರಲ್ಲಿ ತಂತಿಯೂ ಇಲ್ಲ, ನಾಲಿಗೆಯೂ ಇಲ್ಲ. ಮೊದಲೇ ತುಂಬಿಸಿಟ್ಟ ಸದ್ದು ಸ್ಪೀಕರಿನಿಂದ ಬರುತ್ತದೆ. ಸಾಮಾನ್ಯವಾಗಿ 61 ಕೀ. ತೀರಾ ಅಗ್ಗದ ಕೀಬೋರ್ಡಿನಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಅಂದರೆ ಕ್ರಿಸ್ತೊಫೊರಿ ಯಾವುದಕ್ಕಾಗಿ ಅಷ್ಟು ಕಷ್ಟಪಟ್ಟನೋ ಅದೇ ಅಲ್ಲಿಲ್ಲ. ಪಿಯಾನೊ ಕಲಿಯಬೇಕು ಅಂತ ಇದ್ದರೆ ಬೆರಳಿನ ಬಲ ತಿಳಿಯುವ ಕೀಬೋರ್ಡ್ ಬೇಕೇ ಬೇಕು. ಮುಂದೆ ಹೋದಂತೆ 88 ಕೀಗಳ, ಒತ್ತಿದರೆ ಭಾರ ಅನ್ನಿಸುವ ಡಿಜಿಟಲ್ ಪಿಯಾನೊ ಬೇಕಾಗುತ್ತದೆ. ತಂತಿಯ ನಿಜವಾದ ಪಿಯಾನೊಗೆ ವರ್ಷಕ್ಕೆ ಒಂದೆರಡು ಸಾರಿ ಶ್ರುತಿ ಮಾಡಿಸಬೇಕು. ನಮ್ಮಂಥ ಊರುಗಳಲ್ಲಿ ಮನೆಗಳಿಗೆ ಡಿಜಿಟಲ್ ಹೊಂದುವುದಕ್ಕೆ ಅದೂ ಒಂದು ಕಾರಣ.

## ಆ ‘ಗ’ ಯಾಕೆ ಬೇರೆ?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸ್ವಲ್ಪ ಲೆಕ್ಕ ಬೇಕು, ಆದರೆ ಐದನೇ ಕ್ಲಾಸಿನ ಲೆಕ್ಕ.

ಸ್ವರ ಅಂದರೆ ನಡುಕ. ನಿಮ್ಮ ಸಾ ಸೆಕೆಂಡಿಗೆ 240 ಸಾರಿ ನಡುಗುತ್ತದೆ ಅಂತ ಇಟ್ಟುಕೊಳ್ಳಿ. ಮೇಲಿನ ಸಾ ಅದರ ಎರಡು ಪಟ್ಟು, 480. ಪ ಒಂದೂವರೆ ಪಟ್ಟು, 360. ಗ ಒಂದೂಕಾಲು ಪಟ್ಟು, 300. ಹೀಗೆ ಸಣ್ಣ ಸಣ್ಣ ಭಾಗದ ಲೆಕ್ಕದಲ್ಲಿ ಸ್ವರಗಳು ಕೂತಾಗ ಒಂದರೊಳಗೊಂದು ಕರಗುತ್ತವೆ. ತಂಬೂರಿಯ ಜೊತೆ ಹಾಡುವಾಗ ಗಂಟಲು ತಾನಾಗಿ ಹುಡುಕುವುದು ಈ 300ನ್ನೇ. ಒಳ್ಳೆ ತಂಬೂರಿಯಲ್ಲಿ ಯಾರೂ ಮೀಟದ ಗ ಕೂಡ ಕೇಳಿಸುತ್ತದೆ ಅನ್ನುತ್ತಾರಲ್ಲ, ಅದು ಇದೇ ಗ.

ಕೀಬೋರ್ಡಿನ ಗ 300 ಅಲ್ಲ. ಸುಮಾರು 302.4.

ಇದು ಯಾಕೆ ಹೀಗೆ? ಹೊಲ ಪಾಲು ಮಾಡುವುದನ್ನು ನೋಡಿ. ಹನ್ನೆರಡು ಜನ ಅಣ್ಣತಮ್ಮಂದಿರು. ಭೂಮಿಯ ಇಳಿಜಾರು, ಕರಿಮಣ್ಣು, ಬದು ನೋಡಿ ಪಾಲು ಮಾಡಿದರೆ ಹಿರಿಯನಿಗೆ ಹೇಳಿ ಮಾಡಿಸಿದಂಥ ಹೊಲ ಸಿಗುತ್ತದೆ. ಆದರೆ ನಾಳೆ ಇನ್ನೊಬ್ಬ ಹಿರಿಯನ ಜಾಗಕ್ಕೆ ಬಂದರೆ ಅವನಿಗೆ ಆ ಪಾಲು ಹೊಂದುವುದಿಲ್ಲ. ಟೇಪು ಹಿಡಿದು ಹನ್ನೆರಡೂ ಪಾಲನ್ನು ಸಮ ಮಾಡಿದರೆ ಯಾರು ಹಿರಿಯನಾದರೂ ನಡೆಯುತ್ತದೆ. ಪ್ರತಿಯೊಬ್ಬನಿಗೂ ಒಂದಿಷ್ಟು ಕೊರತೆ ಮಾತ್ರ ಉಳಿಯುತ್ತದೆ.

ಪಿಯಾನೊ ಮಾಡಿಕೊಂಡದ್ದು ಟೇಪಿನ ಪಾಲು. ಒಂದು ಸಾ ಇಂದ ಮೇಲಿನ ಸಾ ತನಕ ಹನ್ನೆರಡು ಸಮ ಮೆಟ್ಟಿಲು. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.0595 ಪಟ್ಟು. ಯಾವ ಕೀಯನ್ನು ಬೇಕಾದರೂ ಸಾ ಮಾಡಿಕೊಳ್ಳಬಹುದು, ಹಾಡಿನ ನಡುವೆಯೇ ಸಾ ಬದಲಿಸಬಹುದು. ಪಶ್ಚಿಮದ ಸಂಗೀತಕ್ಕೆ ಇದು ಬೇಕಿತ್ತು. ಅಲ್ಲಿ ಒಂದೇ ಕೃತಿಯೊಳಗೆ ಸಾ ಆಗಾಗ ಮನೆ ಬದಲಿಸುತ್ತದೆ. ಪ ಮೇಲೆ ಇದರ ಹೊಡೆತ ಬಹಳ ಕಡಿಮೆ, 360ರ ಬದಲು 359.6. ಗ ಮೇಲೆ ಜಾಸ್ತಿ. ಹುಡುಗಿಯ ಕಿವಿಗೆ ಚುಚ್ಚಿದ್ದು ಅದೇ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಅದು ಮೀಂಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಗಾಯನದಲ್ಲಿ ರಾಗದ ಜೀವ ಬಹಳಷ್ಟು ಸಾರಿ ಎರಡು ಸ್ವರಗಳ ನಡುವಿನ ದಾರಿಯಲ್ಲೇ ಇರುತ್ತದೆ. ದರ್ಬಾರಿ ರಾಗದ ತೂಗುವ ಗಾಂಧಾರಕ್ಕೆ, ಅಂದರೆ ಅದರ ಗ ಸ್ವರಕ್ಕೆ, ಕೀಬೋರ್ಡಿನಲ್ಲಿ ಕೀ ಇಲ್ಲ. ಕೀಗಳ ನಡುವೆ ದಾರಿಯೇ ಇಲ್ಲ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರಬೇಕು.

ಈ ಕಾರಣಕ್ಕೇ ಹಾರ್ಮೋನಿಯಂ ಬಗ್ಗೆ ದೊಡ್ಡ ಜಗಳ ನಡೆದಿತ್ತು. 1940ರಲ್ಲಿ ಆಕಾಶವಾಣಿ ಅದನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ನಿಷೇಧ ಸಡಿಲವಾಗತೊಡಗಿದ್ದು 1971ರಲ್ಲಿ. ಮನೆ ಮನೆಯಲ್ಲಿ, ಭಜನೆಯಲ್ಲಿ, ನಾಟಕದಲ್ಲಿ ಪೇಟಿ ಇತ್ತು, ರೇಡಿಯೊದಲ್ಲಿ ಇರಲಿಲ್ಲ. ಅಷ್ಟಾದರೂ ಹಾಡುವವರು ಅದನ್ನು ಬಿಡಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ದೊಡ್ಡ ಗಾಯಕರೂ ಹೌದು, ಹಾರ್ಮೋನಿಯಂನಲ್ಲಿ ದೊಡ್ಡ ವಾದಕರೂ ಹೌದು. ವಾದ್ಯದ ಕೊರತೆ ಏನು ಅಂತ ಗೊತ್ತಿದ್ದವರ ಕೈಯಲ್ಲಿ ಅದೇ ವಾದ್ಯ ಬೇರೆಯೇ ಆಗಿ ಕೇಳಿಸುತ್ತದೆ.

## ಎರಡು ಕೈ, ನಾಲ್ಕು ಸಾಲು

ಕೊರತೆಯನ್ನಷ್ಟೇ ಹೇಳಿದರೆ ಪಿಯಾನೊಗೆ ಅನ್ಯಾಯವಾಗುತ್ತದೆ. ಗಂಟಲಿಗೆ ಆಗದ ಒಂದು ಕೆಲಸ ಅದಕ್ಕೆ ಆಗುತ್ತದೆ. ಒಂದೇ ಸಾರಿಗೆ ಹಲವು ಸ್ವರ.

ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಬೆಳಗು ಹರಿದಂತೆ ಒಂದು ಸದ್ದು ಬರುತ್ತದೆ. ಗ ಒಂದನ್ನು ಕೋಮಲ ಮಾಡಿ, ಅಂದರೆ ಒಂದು ಮೆಟ್ಟಿಲು ಕೆಳಗಿಳಿಸಿ, ಮತ್ತೆ ಒತ್ತಿ. ಅದೇ ಸದ್ದಿಗೆ ಮೋಡ ಕವಿಯುತ್ತದೆ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲಿಗೆ ಕಾರ್ಡ್ ಅನ್ನುತ್ತಾರೆ. ಗೊಂಚಲಿನಿಂದ ಗೊಂಚಲಿಗೆ ಹೋಗುವ ದಾರಿಗೆ ಹಾರ್ಮನಿ.

ನಮ್ಮ ಭಜನೆಯಲ್ಲಿ ಇಪ್ಪತ್ತು ಜನ ಇದ್ದರೂ ಎಲ್ಲರೂ ಹಾಡುವುದು ಒಂದೇ ಸಾಲು. ಚರ್ಚಿನ ಹಾಡಿನಲ್ಲಿ ಹೆಂಗಸರದು ಒಂದು ಸಾಲು, ಗಂಡಸರದು ಇನ್ನೊಂದು. ಸಾಮಾನ್ಯವಾಗಿ ನಾಲ್ಕು ಸಾಲು ಒಟ್ಟಿಗೆ ಸಾಗುತ್ತವೆ. ಈ ಬಗೆಯ ಹಾಡು ನಮ್ಮ ನೆಲಕ್ಕೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಜೊತೆ ಆ ಹಾಡಿನ ರೀತಿಯೂ ಬಂತು. ಪಿಯಾನೊ ಮಾಡುವುದು ಏನೆಂದರೆ, ಆ ನಾಲ್ಕೂ ಸಾಲನ್ನು ಒಬ್ಬರ ಹತ್ತು ಬೆರಳಿಗೆ ಕೊಡುವುದು. ಎಡಗೈ ಒಂದು ಮಾತಾಡುವಾಗ ಬಲಗೈ ಇನ್ನೊಂದು ಮಾತಾಡಬೇಕು. ಮಗುವಿಗೆ ಮೊದಲ ಆರು ತಿಂಗಳು ಇದೇ ದೊಡ್ಡ ಸಾಹಸ.

## ಕಾಗದದ ಪಾಠ, ಕಿವಿಯ ಪಾಠ

ಪಿಯಾನೊ ಪಾಠದಲ್ಲಿ ಮಗುವಿನ ಎದುರಿಗೆ ಮೊದಲು ಇರುವುದು ಕಾಗದ. ಐದು ಗೆರೆಗಳ ಏಣಿ. ಅದರ ಮೇಲೆ ಚುಕ್ಕಿಗಳು. ಚುಕ್ಕಿ ಎಷ್ಟು ಮೇಲಿದೆ ಅನ್ನುವುದು ಸ್ವರವನ್ನು ಹೇಳುತ್ತದೆ, ಅದರ ಆಕಾರ ಎಷ್ಟು ಹೊತ್ತು ಅನ್ನುವುದನ್ನು ಹೇಳುತ್ತದೆ. ಕಣ್ಣು ಓದುತ್ತದೆ, ಕೈ ಮಾಡುತ್ತದೆ, ಕಿವಿ ತಪ್ಪು ಹಿಡಿಯುತ್ತದೆ. ನಮ್ಮ ಪಾಠದಲ್ಲಿ ಕಿವಿ ಮೊದಲು, ಗಂಟಲು ಆಮೇಲೆ. ಕಾಗದ ಬಂದರೆ ಕೊನೆಗೆ, ಬರದಿದ್ದರೂ ನಡೆದೀತು.

ಯಾಕೆ ಈ ವ್ಯತ್ಯಾಸ? ಪಿಯಾನೊ ಕಲಿಯುವವರು ನುಡಿಸುವುದು ಬೇರೊಬ್ಬರು ಪೂರ್ತಿ ಬರೆದಿಟ್ಟದ್ದನ್ನು. ಜರ್ಮನಿಯ ಸಂಗೀತ ರಚನೆಕಾರ ಬಾಖ್ ತನ್ನ ಹೆಂಡತಿ ಆನ್ನಾ ಮಗ್ದಲೇನಾಳಿಗೆ ಅಂತ 1725ರಲ್ಲಿ ಶುರು ಮಾಡಿದ ಪುಸ್ತಕದ ಪುಟ್ಟ ಪುಟ್ಟ ತುಣುಕುಗಳನ್ನು ಇಂದಿಗೂ ಪ್ರಪಂಚದ ಎಲ್ಲ ಕಡೆ ಮಕ್ಕಳು ನುಡಿಸುತ್ತಾರೆ. ಬರೆದವನು ಎದುರಿಗಿಲ್ಲ, ಕಾಗದವೇ ಅವನ ಮಾತು. ಬೀಥೋವನ್‌ನ ಶಿಷ್ಯ ಚೆರ್ನಿ ಬೆರಳಿನ ಕಸರತ್ತಿನ ಪುಸ್ತಕಗಳನ್ನೇ ರಾಶಿ ರಾಶಿ ಬರೆದ. ಅವನ್ನು ಬೈದುಕೊಂಡೇ ಎಷ್ಟೋ ತಲೆಮಾರು ಪಿಯಾನೊ ಕಲಿತವು. ರಾಗದಲ್ಲಿ ಹಾಗಲ್ಲ. ಬಂದಿಶ್, ಅಂದರೆ ಕಟ್ಟಿಟ್ಟ ಹಾಡು, ಎರಡೇ ಸಾಲು. ಅದನ್ನು ಬೆಳೆಸುವುದು ಹೇಗೆ ಅನ್ನುವುದೇ ಪಾಠ.

ಜೋಳದ ರೊಟ್ಟಿ ಬಡಿಯುವುದನ್ನು ಪುಸ್ತಕ ಓದಿ ಕಲಿತವರು ನನಗೆ ಗೊತ್ತಿಲ್ಲ. ಅವ್ವನ ಪಕ್ಕ ಕೂತು ಹಿಟ್ಟಿನ ಹದ, ಕೈಯ ತಾಳ ನೋಡಿ ನೋಡಿ ಬರಬೇಕು. ಗಾಯನವೂ ಹಾಗೇ ಬರುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಇಂದು ಆ ದಾರಿ ಅರ್ಧ ಗಂಟೆಯ ಮಾತು. ಆಗ ಒಂದು ಪಾಠಕ್ಕಾಗಿ ದಿನದ ಬಹುಪಾಲು ಹೋಗುತ್ತಿತ್ತು. ಈಗಿನ ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಹುಡುಗನಿದ್ದಾಗಲೇ ಮನೆ ಬಿಟ್ಟವರು. ಊರೂರು ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಅದೇ ಕುಂದಗೋಳದಲ್ಲಿ. ಇಬ್ಬರೂ ಪಟ್ಟು ಹಿಡಿದದ್ದು ಪುಸ್ತಕಕ್ಕಲ್ಲ, ಒಬ್ಬರ ಎದುರು ಕೂರುವುದಕ್ಕೆ.

ಗದಗಿನ ಪುಣ್ಯಾಶ್ರಮ ಇದನ್ನು ಇನ್ನೂ ದೂರ ಒಯ್ದಿತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜರಿಗೂ ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಅಲ್ಲಿ ಸಂಗೀತ ಕಲಿಸಿದರು. ಪಾಠ ಪೂರ್ತಿ ಕಿವಿಯಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು.

ಆದರೂ ಈ ಎರಡು ಪಾಠಗಳ ನಡುವಿನ ಗೆರೆ ಅಷ್ಟು ಗಟ್ಟಿಯಲ್ಲ. ಹಿಂದೂಸ್ತಾನಿ ಸಂಗೀತದ ವಿದ್ವಾಂಸರಾದ ಪಲುಸ್ಕರ್, ಭಾತಖಂಡೆ ಇಬ್ಬರೂ ನಮ್ಮ ಸಂಗೀತಕ್ಕೆ ಬರವಣಿಗೆ ತಂದರು. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿ ಸಂಗೀತವನ್ನು ಶಾಲೆಯೊಳಗೆ ತಂದರು. ಪ್ರಾರಂಭಿಕದಿಂದ ವಿಶಾರದ, ಅಲಂಕಾರದ ತನಕ ಆ ಪರೀಕ್ಷೆಗಳು ಇಂದಿಗೂ ಇವೆ. ಪಿಯಾನೊ ಕಡೆ ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಗ್ರೇಡ್ ಪರೀಕ್ಷೆ, ಒಂದರಿಂದ ಎಂಟರ ತನಕ. ಆ ಕಡೆಯಲ್ಲೂ ಜಪಾನಿನ ಶಿನಿಚಿ ಸುಜುಕಿ ಎಂಬ ಪಿಟೀಲು ಗುರು, ಮಗು ಮಾತು ಕಲಿಯುವುದು ಓದಿ ಅಲ್ಲ, ಕೇಳಿ ಅಂತ ಹೇಳಿ ಕಿವಿಯಿಂದಲೇ ಪಾಠ ಶುರು ಮಾಡಿದರು. ನಮ್ಮ ಅಜ್ಜಿಯಂದಿರಿಗೆ ಇದು ಹೊಸ ವಿಷಯ ಅನ್ನಿಸಲಾರದು.

## ಚಿತ್ರಕಾರರು ಕಂಡ ಪಾಠ

ಸಂಗೀತದ ಪಾಠವನ್ನು ಯುರೋಪಿನ ಚಿತ್ರಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಮನೆಯೊಳಗಿನ ಬದುಕನ್ನು ತೋರಿಸಲು ಇದಕ್ಕಿಂತ ಒಳ್ಳೆ ನೆಪ ಸಿಗದು. ಒಂದು ಕೋಣೆ, ಒಬ್ಬರು ಕೂತು ನುಡಿಸುತ್ತಾರೆ, ಇನ್ನೊಬ್ಬರು ನೋಡುತ್ತಾರೆ.

ಡಚ್ ಚಿತ್ರಕಾರ ವರ್ಮೀರ್ 1660ರ ದಶಕದಲ್ಲಿ ಬರೆದ ಚಿತ್ರಕ್ಕೆ ‘ಸಂಗೀತ ಪಾಠ’ ಅಂತ ಹೆಸರಾಗಿದೆ. ಆಗ ಪಿಯಾನೊ ಹುಟ್ಟಿರಲಿಲ್ಲ, ಅದರಲ್ಲಿರುವುದು ವರ್ಜಿನಲ್ ಎಂಬ ಮೀಟುವ ವಾದ್ಯ. ಹೆಣ್ಣುಮಗಳು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಪಕ್ಕದಲ್ಲಿ ಒಬ್ಬ ಗಂಡಸು. ಗುರುವೋ, ಪ್ರೀತಿಸುವವನೋ, ಚಿತ್ರ ಹೇಳುವುದಿಲ್ಲ. ವಾದ್ಯದ ಮೇಲಿನ ಗೋಡೆಯಲ್ಲಿ ಕನ್ನಡಿ. ಅದರೊಳಗೆ ಅವಳ ಮುಖ ಸ್ವಲ್ಪ ಅವನ ಕಡೆ ತಿರುಗಿದೆ. ವಾದ್ಯದ ಮುಚ್ಚಳದ ಮೇಲೆ ಲ್ಯಾಟಿನ್ ಬರಹ: ಸಂಗೀತ ಸಂತೋಷಕ್ಕೆ ಸಂಗಾತಿ, ದುಃಖಕ್ಕೆ ಮದ್ದು.

ಫ್ರಾನ್ಸಿನ ರೆನ್ವಾರ್ 1892ರಲ್ಲಿ ಸರ್ಕಾರಕ್ಕಾಗಿ ಬರೆದುಕೊಟ್ಟ ಚಿತ್ರದಲ್ಲಿ ಇಬ್ಬರು ಹುಡುಗಿಯರು ಪಿಯಾನೊ ಮುಂದೆ ಇದ್ದಾರೆ. ಬಣ್ಣ ಎಲ್ಲ ಮೃದು, ಮನೆ ಬೆಚ್ಚಗಿದೆ, ಪಾಠ ಕಷ್ಟ ಅಂತ ಎಲ್ಲೂ ಅನ್ನಿಸುವುದಿಲ್ಲ.

ಕಷ್ಟವನ್ನು ಬರೆದವನು ಮಾತೀಸ್. 1916ರ ಅವನ ‘ಪಿಯಾನೊ ಪಾಠ’ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ನನಗೆ ಇವೆಲ್ಲವುಗಳಲ್ಲಿ ಹೆಚ್ಚು ಹತ್ತಿರವಾದದ್ದು ಇದೇ. ಚಿತ್ರದ ತುಂಬ ಬೂದು ಬಣ್ಣ. ಒಂದು ಮೂಲೆಯಲ್ಲಿ ಹುಡುಗನ ತಲೆ, ಎದುರು ಪಿಯಾನೊ. ಅವನು ಮಾತೀಸ್‌ನ ಮಗ ಪಿಯೆರ್. ಆಗ ಅವನಿಗೆ 16 ವರ್ಷ, ಆದರೆ ಅಪ್ಪ ಬರೆದದ್ದು ಇನ್ನೂ ಚಿಕ್ಕ ಹುಡುಗನನ್ನು. ಪಿಯಾನೊದ ಮೇಲೆ ಮೆಟ್ರೊನೋಮ್ ಇದೆ. ಟಿಕ್ ಟಿಕ್ ಅಂತ ಲಯ ತೋರಿಸುವ ಗೋಪುರದಂಥ ಯಂತ್ರ ಅದು. 1815ರಲ್ಲಿ ಮೆಲ್ಜೆಲ್ ಎಂಬುವನು ಅದರ ಹಕ್ಕು ಪಡೆದಿದ್ದ. ಆ ಯಂತ್ರದ ಮೂಲೆಮೂಲೆಯ ಆಕಾರವೇ ಹುಡುಗನ ಮುಖದ ಮೇಲೂ ನೆರಳಾಗಿ ಬಿದ್ದು ಒಂದು ಕಣ್ಣನ್ನು ಮುಚ್ಚಿದೆ. ಹಿಂದೆ ಎತ್ತರದ ಸ್ಟೂಲಿನ ಮೇಲೆ ಒಬ್ಬ ಹೆಂಗಸು, ಮುಖದ ಗುರುತೇ ಇಲ್ಲ. ಕಾವಲು ಕೂತವರಂತೆ ಕಾಣುತ್ತಾಳೆ. ನಿಜಕ್ಕೂ ಅದು ಗೋಡೆಯ ಮೇಲಿದ್ದ ಮಾತೀಸ್‌ನದೇ ಇನ್ನೊಂದು ಚಿತ್ರ. ತೆರೆದ ಕಿಟಕಿಯಲ್ಲಿ ತೋಟದ ಒಂದು ಹಸಿರು ತುಂಡು ಮಾತ್ರ.

ಹೊರಗೆ ಹುಡುಗರು ಗೋಲಿ ಆಡುವಾಗ ಒಳಗೆ ಕೂತು ಅಲಂಕಾರ, ಪಲಟಾ ಅಂತ ಸ್ವರಗಳ ಕಸರತ್ತು ಹೇಳಿದ ಯಾರಿಗೂ ಈ ಚಿತ್ರವನ್ನು ವಿವರಿಸಬೇಕಿಲ್ಲ.

## ಕಥೆಗಳಲ್ಲಿ ಪಿಯಾನೊ ಯಾಕೆ ಅಷ್ಟು ಸಾರಿ ಬರುತ್ತದೆ?

ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಕಾಲದ ಇಂಗ್ಲೆಂಡಿನಲ್ಲಿ ಮಧ್ಯಮ ವರ್ಗದ ಹುಡುಗಿಗೆ ಪಿಯಾನೊ ಬರಬೇಕಿತ್ತು. ಕಛೇರಿ ಮಾಡಲಿಕ್ಕಲ್ಲ. ಮನೆಗೆ ಬಂದವರ ಮುಂದೆ, ಮುಖ್ಯವಾಗಿ ಮದುವೆಗೆ ನೋಡುವವರ ಮುಂದೆ, ಎರಡು ಹಾಡು ನುಡಿಸಲಿಕ್ಕೆ. ಆಸ್ಟಿನ್ ಬರೆದ 1813ರ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲಿ ಒಬ್ಬ ಶ್ರೀಮಂತ ಹೆಂಗಸು, ತಾನು ಕಲಿತಿದ್ದರೆ ದೊಡ್ಡ ಪ್ರವೀಣೆ ಆಗಿರುತ್ತಿದ್ದೆ ಅಂತ ಜಂಬ ಕೊಚ್ಚುತ್ತಾಳೆ. ‘ಎಮ್ಮಾ’ ಕಾದಂಬರಿಯಲ್ಲಿ ಒಬ್ಬ ಬಡ ಹುಡುಗಿಯ ಮನೆಗೆ ಯಾರು ಕಳಿಸಿದರು ಅಂತ ಗೊತ್ತಿಲ್ಲದ ಒಂದು ಪಿಯಾನೊ ಬರುತ್ತದೆ. ಇಡೀ ಊರು ಅದರ ಬಗ್ಗೆಯೇ ಮಾತಾಡುತ್ತದೆ. ಅಷ್ಟು ದುಬಾರಿ ವಸ್ತು ಸುಮ್ನೆ ಯಾರೂ ಕಳಿಸುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಇದನ್ನು ಓದಿ ಹೇಳಿದಾಗ ನನ್ನ ಅಜ್ಜಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. “ನಮ್ಮ ಕಾಲದಾಗ ಕನ್ಯಾ ನೋಡಲಿಕ್ಕೆ ಬಂದೋರು ಮೊದಲ ಕೇಳತಿದ್ದದ್ದು, ಹಾಡು ಬರತದೇನವಾ ಅಂತ” ಅಂದಳು. ಅವಳಿಗೆ ಪೇಟಿ ಕಲಿಸಿದ್ದೂ ಅದಕ್ಕೇ. ಮದುವೆಯ ಮೇಲೆ ಆ ಪೇಟಿ ಅಟ್ಟ ಸೇರಿತು. ಯಾರೂ ಬೇಡ ಅನ್ನಲಿಲ್ಲ, ನುಡಿಸು ಅಂತಲೂ ಯಾರೂ ಅನ್ನಲಿಲ್ಲ. ಇಂಗ್ಲೆಂಡಿನ ಎಷ್ಟೋ ಪಿಯಾನೊಗಳ ಕಥೆಯೂ ಮದುವೆಯಾದ ಮೇಲೆ ಇಷ್ಟೇ.

ವಸ್ತುವಾಗಿ ಪಿಯಾನೊ ಎಷ್ಟು ಭಾರ ಹೊರಬಲ್ಲದು ಅನ್ನುವುದಕ್ಕೆ ಅಮೆರಿಕದ ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್‌ನ ‘ದ ಪಿಯಾನೊ ಲೆಸನ್’ ನೋಡಬೇಕು. 1987ರಲ್ಲಿ ರಂಗಕ್ಕೆ ಬಂತು, 1990ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು 1936ರಲ್ಲಿ. ಗುಲಾಮಗಿರಿಯ ಕಾಲದಲ್ಲಿ ಒಬ್ಬ ಜಮೀನ್ದಾರ ಒಂದು ಪಿಯಾನೊಗಾಗಿ ಈ ಮನೆತನದ ಒಬ್ಬ ತಾಯಿಯನ್ನೂ ಮಗನನ್ನೂ ಕೊಟ್ಟುಬಿಟ್ಟಿರುತ್ತಾನೆ. ಹಿಂದೆ ಉಳಿದ ಅವಳ ಗಂಡ ಬಡಗಿ. ಅವನು ಆ ಪಿಯಾನೊದ ಕಟ್ಟಿಗೆಯ ಮೇಲೆ ತನ್ನವರ ಮುಖಗಳನ್ನೆಲ್ಲ ಕೆತ್ತುತ್ತಾನೆ. ತಲೆಮಾರುಗಳ ನಂತರ ಆ ಪಿಯಾನೊ ಅಕ್ಕನ ಮನೆಯಲ್ಲಿದೆ. ತಮ್ಮ ಬಂದು, ಅದನ್ನು ಮಾರಿ, ಹಿರಿಯರು ಗುಲಾಮರಾಗಿ ದುಡಿದ ಅದೇ ಹೊಲ ಕೊಳ್ಳೋಣ ಅನ್ನುತ್ತಾನೆ. ಅಕ್ಕ ಕೊಡುವುದಿಲ್ಲ. ಅವಳು ನುಡಿಸುವುದನ್ನೂ ಬಿಟ್ಟಿದ್ದಾಳೆ. ಮಗಳಿಗೆ ಮಾತ್ರ ಪಾಠ ಹೇಳಿಸುತ್ತಿದ್ದಾಳೆ, ಮುಖಗಳ ಕಥೆ ಹೇಳದೆ. ಹೊಲವೋ, ಹಿರಿಯರ ನೆನಪೋ? ಹಾವೇರಿಯ ರೈತರ ಮನೆಯಲ್ಲಿ ಈ ನಾಟಕ ಹೇಳಿದರೆ ಇಬ್ಬರ ಪರವಾಗಿಯೂ ಮಾತಾಡುವವರು ಸಿಗುತ್ತಾರೆ.

ಕನ್ನಡದಲ್ಲಿ ಪಿಯಾನೊ ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಗುರುವೇ ಕಥೆಯಾಗುತ್ತಾನೆ. ಎಸ್.ಎಲ್. ಭೈರಪ್ಪನವರ ‘ಮಂದ್ರ’ ಹಿಂದೂಸ್ತಾನಿ ಗಾಯಕನೊಬ್ಬನ ಸುತ್ತ ಬೆಳೆಯುತ್ತದೆ. ಎತ್ತರದ ಕಲೆ ಮತ್ತು ಶಿಷ್ಯರನ್ನು ನೋಯಿಸುವ ನಡತೆ ಒಬ್ಬನಲ್ಲೇ ಹೇಗೆ ಇರುತ್ತವೆ ಅಂತ ಕೇಳುತ್ತದೆ. ಪಾಠ ಅಂದರೆ ಒಂದು ಕೋಣೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಪೂರ್ತಿ ಒಪ್ಪಿಸಿಕೊಳ್ಳುವುದು. ವರ್ಮೀರ್‌ನ ಕನ್ನಡಿಯಲ್ಲಿ ಇರುವುದೂ ಅದೇ. ಮಗುವನ್ನು ಯಾವ ಪಾಠಕ್ಕೆ ಕಳಿಸಿದರೂ ಮೊದಮೊದಲು ಹೆತ್ತವರು ಅಲ್ಲೇ ಹತ್ತಿರ ಕೂರುವುದು ಒಳ್ಳೆಯದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

## ಹಾಗಾದರೆ ಯಾವುದಕ್ಕೆ ಹಾಕೋದು?

ಮಗು ಹಾಡುತ್ತಾ ಓಡಾಡುತ್ತದೆ ಅಂದರೆ ತಂಬೂರಿಯ ಎದುರು ಕೂರಿಸಿ. ಮೊದಲ ಎರಡು ವರ್ಷ ಕೀಬೋರ್ಡಿನ ಸ್ವರಕ್ಕೆ ಗಂಟಲು ಕಟ್ಟಿಹಾಕಬೇಡಿ. ಟೇಬಲ್ ಮೇಲೆ ಬೆರಳು ಕುಣಿಸುತ್ತದೆ, ಸಿನಿಮಾ ಹಾಡಿನ ಹಿಂದಿನ ವಾದ್ಯಗಳನ್ನೇ ಗುನುಗುತ್ತದೆ ಅಂದರೆ ಪಿಯಾನೊ ಪಾಠ ಅದಕ್ಕೆ ಹಬ್ಬವಾದೀತು. ಕ್ಲಾಸಿನವರನ್ನು ಒಂದು ಮಾತು ಕೇಳಿ: ಐದು ಗೆರೆಯ ಬರವಣಿಗೆ ಓದಲು ಕಲಿಸುತ್ತೀರಾ, ಎಡಗೈಗೂ ಕೆಲಸ ಇರುತ್ತದಾ? ಸಿನಿಮಾ ಹಾಡಿನ ಸಾಲನ್ನು ಬಲಗೈಯಲ್ಲಿ ಒತ್ತುವುದಷ್ಟೇ ಕಲಿಸಿದರೆ ಅದು ಪಿಯಾನೊ ಪಾಠ ಅಲ್ಲ. ಎರಡನ್ನೂ ಕಲಿಯಬಹುದಾ? ಕಲಿಯಬಹುದು. ಎರಡರ ಗ ಬೇರೆ ಅಂತ ಮಗುವಿಗೆ ಗೊತ್ತಿದ್ದರೆ ಸಾಕು.

ನಮ್ಮ ಹುಡುಗಿಗೆ ಈಗ ಗೊತ್ತಿದೆ. ಮೊನ್ನೆ ಹೋದಾಗ ಕೀಬೋರ್ಡಿನ ಮೂರು ಕೀಗಳ ಮೇಲೆ ಅವ್ವನ ಡಬ್ಬಿಯಿಂದ ತೆಗೆದ ಕೆಂಪು ಟಿಕಳಿ ಹಚ್ಚಿದ್ದಳು. ತಂಬೂರಿ ಹಚ್ಚಿ, ಒಂದೊಂದನ್ನೂ ಹಾಡಿ, ಒತ್ತಿ, ಹೊಂದದೆ ಇದ್ದವನ್ನು ತಾನೇ ಹುಡುಕಿದ್ದಾಳೆ. ಗ, ಧ, ನಿ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಸಾ 240 ಇದ್ದರೆ ಧ 400 ಇರಬೇಕು, ಕೀಬೋರ್ಡಿನಲ್ಲಿ 403.6. ನಿ 450 ಇರಬೇಕು, ಕೀಬೋರ್ಡಿನಲ್ಲಿ 453. ಪ ಮೇಲೆ ಅವಳು ಟಿಕಳಿ ಹಚ್ಚಿರಲಿಲ್ಲ.